ಸೋರುವ ಜೋಡಣೆಗೆ ತಕ್ಕ ಮದ್ದು

‘ಹನಿಹನಿಗೂಡಿದರೆ ಹಳ್ಳ, ತೆನೆತೆನೆಗೂಡಿದರೆ ಬಳ್ಳ’ ಎಂಬ ಗಾದೆಯನ್ನು ನಾವು ಮಕ್ಕಳಿಗೆ ಉಳಿತಾಯದ ಪಾಠವಾಗಿ ಹೇಳಿಕೊಡುತ್ತೇವೆ. ಅದೇ ಗಾದೆ ನಷ್ಟದ ಲೆಕ್ಕಕ್ಕೂ ಅಷ್ಟೇ ಚೆನ್ನಾಗಿ ಒಪ್ಪುತ್ತದೆ. ಸೆಕೆಂಡಿಗೊಂದು ಹನಿಯಂತೆ ತೊಟ್ಟಿಕ್ಕುವ ನಲ್ಲಿಯಿಂದ ದಿನವೊಂದಕ್ಕೆ ೮೬,೪೦೦ ಹನಿಗಳು ಬೀಳುತ್ತವೆ. ನಲ್ಲಿಯಿಂದ ಬೀಳುವ ನಾಲ್ಕು ಹನಿಗಳು ಕೂಡಿ ಸುಮಾರು ಒಂದು ಮಿಲಿಲೀಟರ್ ಆಗುವುದೆಂದು ಹಿಡಿದರೆ, ಬೆಳಗಿನಿಂದ ಬೆಳಗಿನವರೆಗೆ ಚರಂಡಿಗೆ ಹರಿದುಹೋದ ನೀರು ೨೧ ಲೀಟರಿಗೂ ಮಿಗಿಲು. ೨೦೧೯ರ ಆಗಸ್ಟ್ ೧೫ರಂದು ಘೋಷಿತವಾದ ಜಲಜೀವನ ಯೋಜನೆಯು ಗ್ರಾಮವಾಸಿಯೊಬ್ಬನಿಗೆ ದಿನಕ್ಕೆ ೫೫ ಲೀಟರ್ ನೀರು ದೊರೆಯಬೇಕೆಂದು ಗೊತ್ತುಪಡಿಸಿದೆ. ಎಂದರೆ, ನಾವು ‘ಒಂದು ಹನಿ ತಾನೇ’ ಎಂದು ಕಡೆಗಣಿಸುವ ಸೋರಿಕೆಯು ಮನೆಯ ಒಬ್ಬರ ಪಾಲಿನ ಐದರಲ್ಲಿ ಎರಡು ಭಾಗವನ್ನು ಸದ್ದಿಲ್ಲದೆ ಕುಡಿದುಬಿಡುತ್ತದೆ.

ನಮ್ಮ ಹೊಸೂರು, ಡೆಂಕಣಿಕೋಟೆ, ಶೂಲಗಿರಿ, ಕೃಷ್ಣಗಿರಿ ಸೀಮೆಗಳಲ್ಲಿ ಈ ನೀರಿನ ಬೆಲೆ ಎಷ್ಟೆಂಬುದನ್ನು ಓದುಗರಿಗೆ ವಿವರಿಸಿ ಹೇಳಬೇಕಾಗಿಲ್ಲ. ಕಗ್ಗಲ್ಲಿನ ನೆಲದಲ್ಲಿ ಆಳಕ್ಕೆ ಕೊರೆದ ಕೊಳವೆಬಾವಿಗಳ ನೀರು ಗಡುಸು. ಹಲವೆಡೆ ಅದರಲ್ಲಿ ಫ್ಲೋರೈಡಿನ ಅಂಶವೂ ಹೆಚ್ಚು. ಕುಡಿಯುವ ನೀರಿನಲ್ಲಿ ಫ್ಲೋರೈಡು ಲೀಟರಿಗೆ ಒಂದು ಮಿಲಿಗ್ರಾಂ ಮೀರದಿರುವುದು ಲೇಸೆಂದೂ, ಬೇರೆ ನೀರೇ ಇಲ್ಲದೆಡೆ ೧.೫ ಮಿಲಿಗ್ರಾಂವರೆಗೆ ಸಹಿಸಬಹುದೆಂದೂ ಭಾರತೀಯ ಮಾನಕವು ಹೇಳುತ್ತದೆ. ಅದು ಮೀರಿದ ಊರುಗಳಲ್ಲಿ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆಗಳು ಮೂಡುವುದನ್ನೂ, ಹಿರಿಯರ ಕೀಲುಗಳು ಬಿಗಿಯುವುದನ್ನೂ ಕಂಡವರಿದ್ದಾರೆ. ಈ ಕಷ್ಟದ ಪರಿಹಾರಕ್ಕಾಗಿಯೇ ಹೊಗೇನಕಲ್ ಕುಡಿಯುವ ನೀರು ಮತ್ತು ಫ್ಲೋರೋಸಿಸ್ ನಿವಾರಣಾ ಯೋಜನೆಯು ಜಪಾನಿನ ಸಾಲದ ನೆರವಿನಿಂದ ಕೈಗೂಡಿ, ೨೦೧೩ರಲ್ಲಿ ಉದ್ಘಾಟನೆಗೊಂಡಿತು. ಹೊಗೇನಕಲ್ಲಿನ ಕಾವೇರಿಯು ಹೊಸೂರಿನ ನೆಲಕ್ಕಿಂತ ಅರ್ಧ ಕಿಲೋಮೀಟರಿಗೂ ಹೆಚ್ಚು ತಗ್ಗಿನಲ್ಲಿ ಹರಿಯುತ್ತದೆ. ಅಷ್ಟು ಕೆಳಗಿನಿಂದ, ಅಷ್ಟು ದೂರ, ವಿದ್ಯುತ್ತನ್ನು ವ್ಯಯಿಸಿ ಗಟ್ಟದ ಮೇಲಕ್ಕೆ ಏರಿಸಿ ತಂದ ನೀರು ಕೊನೆಗೆ ನಮ್ಮ ಬಚ್ಚಲಿನ ಅರ್ಧ ಇಂಚಿನ ಜೋಡಣೆಯೊಂದರಲ್ಲಿ ಸೋರಿ ಹೋಗುವುದಾದರೆ, ಆ ದುಡಿಮೆಯೆಲ್ಲ ವ್ಯರ್ಥವಾದಂತೆ.

ಹೀಗಿರಲು, ಸೋರಿಕೆಯನ್ನು ನಿಲ್ಲಿಸುವ ವಸ್ತುಗಳ ವಿಚಾರವು ಕೇವಲ ಕೆಲಸಗಾರರ ವಿಚಾರವೆಂದು ಬಿಟ್ಟುಬಿಡುವುದು ಸರಿಯಲ್ಲ. ಪೇಟೆಯ ಅಂಗಡಿಗೆ ಹೋಗಿ, “ಅಣ್ಣಾ, ನಲ್ಲಿ ಸೋರುತ್ತಿದೆ, ಏನಾದರೂ ಕೊಡಿ” ಎಂದು ಕೇಳುವುದು ನಮ್ಮಲ್ಲಿ ರೂಢಿ. ಅಂಗಡಿಯಾತನು ಕೈಗೆ ಸಿಕ್ಕಿದ್ದನ್ನು ಕೊಡುತ್ತಾನೆ. ನಾವು ಅದನ್ನೇ ಮೆತ್ತುತ್ತೇವೆ. ವಾರ ಕಳೆಯುವುದರೊಳಗೆ ಮತ್ತೆ ಸೋರುತ್ತದೆ. ಆಗ ದೂರು ಬೀಳುವುದು ವಸ್ತುವಿನ ಮೇಲೆ. ನಿಜಾಂಶವೇನೆಂದರೆ, ಎಲ್ಲ ಸೋರಿಕೆಗೂ ಒಪ್ಪುವ ಒಂದೇ ಮದ್ದು ಎಂಬುದು ಲೋಕದಲ್ಲಿ ಇಲ್ಲ. ವೈದ್ಯನು ರೋಗವನ್ನು ನೋಡಿ ಔಷಧವನ್ನು ಗೊತ್ತುಮಾಡುವಂತೆ, ನಾವೂ ಮೊದಲು ಜೋಡಣೆಯನ್ನು ನೋಡಬೇಕು, ಆಮೇಲೆ ಅಂಗಡಿಗೆ ಹೋಗಬೇಕು. ಈ ಲೇಖನದಲ್ಲಿ ನಾವು ಹೇಳಬೇಕೆಂದಿರುವುದು ಇದಿಷ್ಟೇ. ಉಳಿದುದೆಲ್ಲ ಇದರ ವಿವರಣೆ.

ಹಿಂದಿನವರ ಪದ್ಧತಿ

ಸಂದು ಮುಚ್ಚುವ ವಿದ್ಯೆ ನಮಗೆ ಹೊಸದಲ್ಲ. ಅಕ್ಕಸಾಲಿಗರು ಟೊಳ್ಳು ಒಡವೆಯೊಳಗೆ ಅರಗು ತುಂಬುತ್ತಿದ್ದರು. ಕತ್ತಿಯ ಹಿಡಿಯನ್ನು ಅರಗಿನಿಂದಲೇ ಕೂರಿಸುತ್ತಿದ್ದರು. ಬಾವಿಕಟ್ಟೆಗೆ ಸುಣ್ಣದ ಗಾರೆ, ತಾಮ್ರದ ಹಂಡೆಗೆ ಬೆಸುಗೆ ಎಂದು ಒಂದೊಂದು ಕೆಲಸಕ್ಕೂ ಒಂದೊಂದು ವಸ್ತುವನ್ನು ಹಿರಿಯರು ಆರಿಸಿಕೊಂಡಿದ್ದರು. ಬೆಂಕಿಯ ಮೇಲಿಡುವ ಹಂಡೆಗೆ ಯಾರೂ ಅರಗನ್ನು ಹಚ್ಚಲಿಲ್ಲ. ಏಕೆಂದರೆ ಅರಗು ಬಿಸಿಗೆ ಕರಗುವುದೆಂದು ಎಲ್ಲರಿಗೂ ತಿಳಿದಿತ್ತು. ವಸ್ತುವಿನ ಗುಣವನ್ನರಿತು ಬಳಸುವ ಈ ವಿವೇಕವೇ ಇಂದು ನಮಗೆ ಬೇಕಾಗಿರುವುದು.

ಕಬ್ಬಿಣದ ಕೊಳವೆಗಳು ಮನೆಮನೆಗೆ ಬಂದಾಗ, ಅವುಗಳ ತಿರುಪಿಗೆ ಸಣಬಿನ ನಾರನ್ನೋ ಹತ್ತಿಯ ನೂಲನ್ನೋ ಸುತ್ತಿ, ಅದರ ಮೇಲೆ ಅಗಸೆ ಎಣ್ಣೆಯಲ್ಲಿ ಕಲಸಿದ ಬಣ್ಣದ ಮುದ್ದೆಯನ್ನು ಹಚ್ಚುವ ಪದ್ಧತಿ ಬಂದಿತು. ನಾರು ನೀರು ಕುಡಿದು ಉಬ್ಬುತ್ತದೆ. ಉಬ್ಬಿ ಸಂದನ್ನು ತುಂಬುತ್ತದೆ. ಮುದ್ದೆಯು ನಾರನ್ನು ಹಿಡಿದಿಟ್ಟು ಕೊಳೆಯದಂತೆ ಕಾಯುತ್ತದೆ. ತತ್ತ್ವವೇನೋ ಒಳ್ಳೆಯದೇ. ಆದರೆ ಆ ಬಣ್ಣದ ಮುದ್ದೆಯಲ್ಲಿ ಸೇರಿರುತ್ತಿದ್ದ ಕೆಂಪು ಅಥವಾ ಬಿಳಿ ಪುಡಿಯು ಸೀಸದ್ದು. ಅದರ ಅಪಾಯದ ವಿಚಾರವನ್ನು ಮುಂದೆ ಹೇಳುತ್ತೇವೆ.

ಮೊದಲು ಕೇಳಬೇಕಾದ ಮೂರು ಪ್ರಶ್ನೆಗಳು

ಸೋರುವ ಜಾಗದ ಮುಂದೆ ನಿಂತು ಗೃಹಸ್ಥರು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು.

ಒಂದನೆಯದು: ಈ ಜೋಡಣೆಯನ್ನು ಮುಂದೆ ಎಂದಾದರೂ ಬಿಚ್ಚಬೇಕಾಗುವುದೇ? ನಲ್ಲಿ, ಗೀಸರಿನ ಕೊಳವೆ, ಸಿಂಕಿನ ಕೆಳಗಿನ ಬಾಗು ಇವನ್ನು ಬಿಚ್ಚಬೇಕಾಗುತ್ತದೆ. ಗೋಡೆಯೊಳಗೆ ಹೂತ ಕೊಳವೆಯ ಕೂಡುವೆಡೆಯನ್ನು ಬಿಚ್ಚುವ ಪ್ರಸಂಗ ಬರಬಾರದು. ಬಿಚ್ಚಬೇಕಾದುದಕ್ಕೆ ಕಲ್ಲಿನಂತೆ ಗಟ್ಟಿಯಾಗುವ ವಸ್ತುವನ್ನು ಹಾಕಿದರೆ, ಮುಂದೆ ನಲ್ಲಿಯ ಜೊತೆಗೆ ಗೋಡೆಯೂ ಒಡೆಯುತ್ತದೆ.

ಎರಡನೆಯದು: ಕೂಡುವ ಎರಡು ಭಾಗಗಳು ಯಾವುದರಿಂದ ಆದವು? ಕಬ್ಬಿಣವೇ, ಹಿತ್ತಾಳೆಯೇ, ಪ್ಲಾಸ್ಟಿಕ್ಕೇ, ಪಿಂಗಾಣಿಯೇ? ಒಂದಕ್ಕೆ ಅಂಟುವುದು ಇನ್ನೊಂದಕ್ಕೆ ಅಂಟದು.

ಮೂರನೆಯದು: ಇದರ ಒಳಗೆ ಒತ್ತಡದ ನೀರಿದೆಯೇ, ಬಿಸಿನೀರಿದೆಯೇ, ಕುಡಿಯುವ ನೀರಿದೆಯೇ, ಅಥವಾ ಹೊರಗಿನಿಂದ ಚಿಮ್ಮುವ ನೀರನ್ನು ತಡೆದರೆ ಸಾಕೇ?

ಇವುಗಳಿಗೂ ಮುಂಚೆ ಒಂದು ಪರೀಕ್ಷೆಯುಂಟು. ನಲ್ಲಿಯು ಬಾಯಿಂದ ಸೋರುತ್ತಿದೆಯೋ, ಬುಡದಿಂದ ಸೋರುತ್ತಿದೆಯೋ ನೋಡಬೇಕು. ಮುಚ್ಚಿದ ಮೇಲೂ ಬಾಯಿಂದ ಹನಿಯುವ ನಲ್ಲಿಗೆ ಹೊರಗಿನಿಂದ ಏನನ್ನು ಸುತ್ತಿದರೂ ಪ್ರಯೋಜನವಿಲ್ಲ. ಅದರ ಒಳಗಿನ ವಾಷರು ಸವೆದಿರುತ್ತದೆ; ಹೊಸ ಮಾದರಿಯ ನಲ್ಲಿಯಾದರೆ ಒಳಗಿನ ಬಿಲ್ಲೆಗಳ ಭಾಗ ಕೆಟ್ಟಿರುತ್ತದೆ. ಅದನ್ನು ಬದಲಾಯಿಸುವುದೊಂದೇ ದಾರಿ. ಬುಡದಲ್ಲಿ, ಎಂದರೆ ಗೋಡೆಗೆ ಸೇರುವೆಡೆಯಲ್ಲಿ ಜಿನುಗಿದರೆ ಮಾತ್ರ ಸಂದು ಮುಚ್ಚುವ ವಸ್ತುವಿನ ಮಾತು.

ನಮ್ಮ ಗಡುಸು ನೀರು ಇಲ್ಲಿ ಒಂದು ಉಪಕಾರವನ್ನೂ ಒಂದು ಅಪಕಾರವನ್ನೂ ಮಾಡುತ್ತದೆ. ಜಿನುಗಿದ ನೀರು ಆರಿದಾಗ ಬಿಳಿಯ ಉಪ್ಪು ಕಟ್ಟಿಕೊಳ್ಳುತ್ತದೆ. ಅದು ಸೋರಿಕೆಯ ಜಾಗವನ್ನು ಬೆರಳಿಟ್ಟು ತೋರಿಸುತ್ತದೆ. ಇದು ಉಪಕಾರ. ಅದೇ ಉಪ್ಪು ಕೆಲವೊಮ್ಮೆ ಸಂದನ್ನು ತಾತ್ಕಾಲಿಕವಾಗಿ ಮುಚ್ಚಿ ‘ಸೋರಿಕೆ ನಿಂತಿತು’ ಎಂಬ ಭ್ರಮೆ ಹುಟ್ಟಿಸುತ್ತದೆ. ಒಳಗೆ ಕಬ್ಬಿಣ ತುಕ್ಕು ಹಿಡಿಯುತ್ತಲೇ ಇರುತ್ತದೆ. ಆದಕಾರಣ ಬಿಳಿಯ ಗೆರೆ ಕಂಡಲ್ಲಿ ಅದನ್ನು ನಂಬದೆ, ಬಿಚ್ಚಿ ನೋಡುವುದು ಒಳಿತು. ಹುಣಸೆಹುಳಿಯನ್ನೋ ನಿಂಬೆಯನ್ನೋ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದರೆ ಉಪ್ಪು ಬಿಡುತ್ತದೆ. ಅಮೃತಶಿಲೆಯ ಹಾಸಿನ ಮೇಲೆ ಮಾತ್ರ ಹುಳಿ ತಾಗಬಾರದು, ಕಲ್ಲು ಕಳೆಗುಂದುತ್ತದೆ.

ತಿರುಪಿನ ಜೋಡಣೆಗೆ ಬಿಳಿಯ ಟೇಪು

ನಲ್ಲಿಯು ಗೋಡೆಯೊಳಗಿನ ಕೊಳವೆಗೆ ತಿರುಪಿನಿಂದ ಸೇರುತ್ತದೆ. ಕೆಲಸದವರು ಇದನ್ನು ಥ್ರೆಡ್ ಎನ್ನುತ್ತಾರೆ. ಹೊಸೂರು ಪೇಟೆಯ ತಮಿಳು ಬಲ್ಲವರು ‘ಮರೈ’ ಎನ್ನುತ್ತಾರೆ. ಕೊಳವೆಯ ತಿರುಪು ಸಾಮಾನ್ಯ ಬೋಲ್ಟಿನಂತೆ ನೆಟ್ಟಗಿರುವುದಿಲ್ಲ. ಅದು ಶಂಕುವಿನಂತೆ ತುದಿಗೆ ಹೋದಂತೆ ಸಣ್ಣದಾಗುತ್ತದೆ. ೧೬ ಮಿಲಿಮೀಟರ್ ಉದ್ದಕ್ಕೆ ವ್ಯಾಸದಲ್ಲಿ ಒಂದು ಮಿಲಿಮೀಟರ್ ಇಳಿತ. ಹೀಗಾಗಿ ತಿರುಗಿಸಿದಷ್ಟೂ ಬಿಗಿಯುತ್ತದೆ. ಆದರೂ ಗೆರೆಗೆರೆಗಳ ನಡುವೆ ಸುರುಳಿಯಾಕಾರದ ಒಂದು ಸೂಕ್ಷ್ಮ ದಾರಿ ಉಳಿದೇ ಉಳಿಯುತ್ತದೆ. ಒತ್ತಡದ ನೀರು ಆ ದಾರಿ ಹಿಡಿದು ಹೊರಬರುತ್ತದೆ. ಅದನ್ನು ತುಂಬಲು ಇಂದು ಸರ್ವತ್ರ ಬಳಕೆಯಲ್ಲಿರುವುದು ಟೆಫ್ಲಾನ್ ಟೇಪು.

ಈ ವಸ್ತುವಿನ ಜನ್ಮವೃತ್ತಾಂತವು ಸ್ವಾರಸ್ಯಕರವಾದುದು. ೧೯೩೮ರ ಏಪ್ರಿಲ್ ೬ರಂದು ಅಮೆರಿಕದ ರಸಾಯನಶಾಸ್ತ್ರಜ್ಞ ರಾಯ್ ಪ್ಲಂಕೆಟ್ ಅವರು, ಶೀತಕ ಯಂತ್ರಗಳಿಗೆ ಬೇಕಾದ ಅನಿಲವೊಂದರ ಪ್ರಯೋಗದಲ್ಲಿ ತೊಡಗಿದ್ದರು. ಉರುಳೆಯನ್ನು ತೆರೆದರೆ ಅನಿಲ ಬರಲಿಲ್ಲ. ತೂಕ ನೋಡಿದರೆ ಉರುಳೆ ಖಾಲಿಯಾಗಿಯೂ ಇರಲಿಲ್ಲ. ಕುತೂಹಲದಿಂದ ಅದನ್ನು ಕೊಯ್ದು ನೋಡಲಾಗಿ, ಒಳಗೆ ಮೇಣದಂತಹ ಬಿಳಿಯ ಪುಡಿ ಸಿಕ್ಕಿತು. ಯಾವ ಆಮ್ಲಕ್ಕೂ ಜಗ್ಗದ, ಯಾವುದಕ್ಕೂ ಅಂಟದ, ೨೬೦ ಡಿಗ್ರಿ ಸೆಲ್ಸಿಯಸ್‌ವರೆಗಿನ ಬಿಸಿಯನ್ನು ತಾಳುವ ಆ ಪುಡಿಯೇ ಮುಂದೆ ಅಂಟದ ದೋಸೆಕಾವಲಿಯ ಲೇಪವೂ ಆಯಿತು, ನಲ್ಲಿಯ ಟೇಪೂ ಆಯಿತು.

ಇಲ್ಲಿ ಗಮನಿಸತಕ್ಕದ್ದು ಒಂದಿದೆ. ಟೆಫ್ಲಾನ್ ಅಂಟು ಅಲ್ಲ. ಅದು ಯಾವುದನ್ನೂ ಹಿಡಿದುಕೊಳ್ಳುವುದಿಲ್ಲ. ಅದು ಗೆರೆಗಳ ನಡುವಿನ ಸಂದನ್ನು ತುಂಬುತ್ತದೆ. ಜೊತೆಗೆ ಜಾರುವ ಗುಣದಿಂದ, ತಿರುಪು ಇನ್ನೊಂದು ಸುತ್ತು ಒಳಗೆ ಹೋಗಲು ನೆರವಾಗುತ್ತದೆ. ಆದಕಾರಣವೇ ಎಷ್ಟು ವರ್ಷಗಳ ಮೇಲೂ ನಲ್ಲಿಯನ್ನು ಸುಲಭವಾಗಿ ಬಿಚ್ಚಬಹುದು. ಬಿಚ್ಚಬೇಕಾದ, ಒತ್ತಡವಿರುವ, ತಿರುಪಿನ ಜೋಡಣೆಗೆ, ನೀರು ಬಿಸಿಯಿರಲಿ ತಣ್ಣಗಿರಲಿ, ಇದಕ್ಕಿಂತ ಸುಲಭವಾದುದು ಮನೆಯವರಿಗೆ ಬೇರೊಂದಿಲ್ಲ.

ಸುತ್ತುವ ಕ್ರಮ ಹೀಗೆ. ಹಳೆಯ ಟೇಪಿನ ಚೂರುಗಳನ್ನೂ ಉಪ್ಪನ್ನೂ ತೆಗೆದು, ಬಟ್ಟೆಯಿಂದ ಒರಸಿ ಒಣಗಿಸಬೇಕು. ನಲ್ಲಿಯ ತಿರುಪಿನ ತುದಿ ನಮ್ಮ ಮುಖದ ಕಡೆಗಿರುವಂತೆ ಹಿಡಿದು, ದೇವಸ್ಥಾನಕ್ಕೆ ಪ್ರದಕ್ಷಿಣೆ ಬರುವ ದಿಕ್ಕಿನಲ್ಲಿ, ಅರ್ಥಾತ್ ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ, ಟೇಪನ್ನು ಎಳೆದು ಹಿಡಿದು ಸುತ್ತಬೇಕು. ಅಪ್ರದಕ್ಷಿಣವಾಗಿ ಸುತ್ತಿದರೆ, ನಲ್ಲಿಯನ್ನು ತಿರುಗಿಸುವಾಗ ಟೇಪು ಬಿಚ್ಚಿಕೊಂಡು ಹಿಂದಕ್ಕೆ ಮುದುಡುತ್ತದೆ. ತುದಿಯ ಮೊದಲ ಗೆರೆಯನ್ನು ಬರಿದೇ ಬಿಡಬೇಕು. ಇಲ್ಲವಾದರೆ ಟೇಪಿನ ಚೂರು ಒಳಗೆ ಸೇರಿ ನಲ್ಲಿಯ ಜಾಲರಿಯನ್ನು ಕಟ್ಟುತ್ತದೆ. ದಪ್ಪ ಟೇಪಾದರೆ ನಾಲ್ಕೈದು ಸುತ್ತು ಸಾಕು. ಪೇಟೆಯಲ್ಲಿ ಅಗ್ಗಕ್ಕೆ ಸಿಗುವ ತೀರ ತೆಳುವಾದ ಟೇಪಿಗೆ ಅದರ ಎರಡು ಮೂರರಷ್ಟು ಬೇಕಾಗುತ್ತದೆ. ನಲ್ಲಿಯನ್ನು ಬಿಗಿಮಾಡಿದ ಮೇಲೆ, ಬಾಯಿ ಓರೆಯಾಯಿತೆಂದು ಹಿಂದಕ್ಕೆ ತಿರುಗಿಸಲೇಬಾರದು. ತಿರುಗಿಸಿದ್ದಾದರೆ ಟೇಪು ಹರಿದಂತೆಯೇ ಸರಿ. ಬಿಚ್ಚಿ ಹೊಸದಾಗಿ ಸುತ್ತಬೇಕು.

ಸಣಬಿನ ನಾರು ಇಂದಿಗೂ ನಿರುಪಯೋಗಿಯಲ್ಲ. ತುಕ್ಕಿನಿಂದ ಗೆರೆಗಳು ಸವೆದ ಹಳೆಯ ಕಬ್ಬಿಣದ ಕೊಳವೆಗೆ ಟೇಪಿಗಿಂತ ನಾರೇ ಮೇಲು. ದೊಡ್ಡ ಸಂದನ್ನು ಅದು ಉಬ್ಬಿ ತುಂಬುತ್ತದೆ. ಆದರೆ ಕುಡಿಯುವ ನೀರಿಗೆ ಯೋಗ್ಯವೆಂದು ಬರೆದಿರುವ ಮುದ್ದೆಯನ್ನೇ ಅದರ ಜೊತೆಗೆ ಬಳಸಬೇಕು. ಪ್ಲಾಸ್ಟಿಕ್ಕಿನ ತಿರುಪಿಗೆ ಮಾತ್ರ ನಾರನ್ನು ಸುತ್ತಬಾರದು. ಉಬ್ಬಿದ ನಾರು ಅದನ್ನು ಸೀಳುತ್ತದೆ. ಎಣ್ಣೆಬಣ್ಣವನ್ನೂ ಹಚ್ಚಬಾರದು, ಕೆಲವು ಎಣ್ಣೆಗಳು ಪ್ಲಾಸ್ಟಿಕ್ಕನ್ನು ಬಿರಿಸುತ್ತವೆ. ಅಲ್ಲಿ ಟೇಪೇ ಸಾಕು, ಅದೂ ಹಿತವಾಗಿ. ನಲ್ಲಿ ಕೂರಿಸುವೆಡೆ ಹಿತ್ತಾಳೆಯ ಒಳತಿರುಪುಳ್ಳ ಪ್ಲಾಸ್ಟಿಕ್ ಭಾಗವನ್ನು ಹಾಕಿಸಿಕೊಂಡರೆ ಈ ಚಿಂತೆಯೇ ಇರದು.

ಏನೂ ಬೇಡವಾದ ಜೋಡಣೆ

ಗೀಸರಿಗೂ ಬೇಸಿನ್ನಿಗೂ ಬಾಗುವ ಕೊಳವೆಯೊಂದು ಬರುತ್ತದೆ. ಅದರ ತುದಿಯ ನಟ್ಟಿನೊಳಗೆ ರಬ್ಬರಿನ ವಾಷರು ಇರುತ್ತದೆ. ನೀರನ್ನು ತಡೆಯುವುದು ಆ ವಾಷರೇ ಹೊರತು ತಿರುಪಲ್ಲ. ಸಿಂಕಿನ ಕೆಳಗಿನ ಬಾಗಿನ ಪ್ಲಾಸ್ಟಿಕ್ ನಟ್ಟುಗಳದ್ದೂ ಇದೇ ಕಥೆ. ಇಲ್ಲಿ ಟೇಪು ಸುತ್ತುವುದರಿಂದ ಲಾಭವಿಲ್ಲ. ಬದಲಿಗೆ ನಟ್ಟು ಪೂರ್ತಿ ಕೂರದೆ ವಾಷರು ಒತ್ತಿಕೊಳ್ಳದಂತಾಗುತ್ತದೆ. ಸೋರಿದರೆ ವಾಷರನ್ನು ಬದಲಿಸಿ, ಕೈಯಿಂದಲೇ ಬಿಗಿದು, ಆಮೇಲೆ ಸ್ಪಾನರಿನಿಂದ ಕಾಲು ಸುತ್ತು ತಿರುಗಿಸಿದರೆ ಸಾಕು. ಹೆಚ್ಚು ಬಿಗಿದಷ್ಟೂ ಕ್ಷೇಮವೆಂಬ ನಂಬಿಕೆಯು ಅನೇಕ ನಟ್ಟುಗಳನ್ನು ಸೀಳಿದೆ.

ಪ್ಲಾಸ್ಟಿಕ್ ಕೊಳವೆಯ ದ್ರಾವಕ

ಇತ್ತೀಚಿನ ಮನೆಗಳಲ್ಲಿ ಕಬ್ಬಿಣದ ಬದಲಿಗೆ ಪ್ಲಾಸ್ಟಿಕ್ ಕೊಳವೆಗಳೇ ಹೆಚ್ಚು. ಇವುಗಳಲ್ಲಿ ಎರಡು ಬಗೆ. ತಣ್ಣೀರಿಗೆ ಯು.ಪಿ.ವಿ.ಸಿ.; ಬಿಸಿನೀರಿಗೂ ತಣ್ಣೀರಿಗೂ ಸಿ.ಪಿ.ವಿ.ಸಿ. ಕೊಳವೆಯ ಮೈಮೇಲೆ ಮುದ್ರಿತವಾದ ಐ.ಎಸ್. ೪೯೮೫ ಎಂಬ ಸಂಖ್ಯೆ ಮೊದಲನೆಯದನ್ನೂ, ಐ.ಎಸ್. ೧೫೭೭೮ ಎಂಬುದು ಎರಡನೆಯದನ್ನೂ ಸೂಚಿಸುತ್ತದೆ. ಮೊದಲನೆಯದು ೪೫ ಡಿಗ್ರಿಯವರೆಗಿನ ನೀರಿಗೆ ಮಾತ್ರ. ಎರಡನೆಯದು ಸುಮಾರು ೮೦ ಡಿಗ್ರಿಯ ಬಿಸಿನೀರನ್ನೂ ತಾಳುತ್ತದೆ. ನಮ್ಮ ಸೀಮೆಯ ಮಾಳಿಗೆಗಳ ಮೇಲೆ ಸೌರಶಕ್ತಿಯ ಜಲತಾಪಕಗಳನ್ನು ಇರಿಸುವವರು ಈ ಭೇದವನ್ನು ಅವಶ್ಯವಾಗಿ ಅರಿತಿರಬೇಕು.

ಇವುಗಳನ್ನು ಕೂಡಿಸುವ ಡಬ್ಬಿಯ ದ್ರವವನ್ನು ನಾವು ಅಂಟು ಎನ್ನುತ್ತೇವೆ. ವಾಸ್ತವವಾಗಿ ಅದು ದ್ರಾವಕ. ಅದು ಕೊಳವೆಯ ಹೊರಮೈಯನ್ನೂ ಕೂಡುವ ಭಾಗದ ಒಳಮೈಯನ್ನೂ ಕ್ಷಣಕಾಲ ಕರಗಿಸಿ ಒಂದಾಗಿಸುತ್ತದೆ. ಆರಿದ ಮೇಲೆ ಎರಡು ವಸ್ತುಗಳೆಂಬುದೇ ಉಳಿಯುವುದಿಲ್ಲ. ಆದುದರಿಂದ ಇದು ಬಿಚ್ಚಲಾಗದ ಜೋಡಣೆ. ಯು.ಪಿ.ವಿ.ಸಿ. ಡಬ್ಬಿಯ ದ್ರಾವಕವು ಸಿ.ಪಿ.ವಿ.ಸಿ. ಕೊಳವೆಯನ್ನು ಸರಿಯಾಗಿ ಕರಗಿಸದು; ಅವುಗಳನ್ನು ಅದಲುಬದಲು ಮಾಡಬಾರದು. ಕಬ್ಬಿಣಕ್ಕೂ ಹಿತ್ತಾಳೆಗೂ ಇದು ಕೂಡದೇ ಕೂಡದು.

ಕೊಳವೆಯನ್ನು ನೇರವಾಗಿ ಕತ್ತರಿಸಿ, ಅಂಚಿನ ಸಿಬಿರನ್ನು ತೆಗೆದು, ಒರಸಿ, ಎರಡೂ ಮೈಗೆ ತೆಳುವಾಗಿ ಹಚ್ಚಿ, ಕಾಲು ಸುತ್ತು ತಿರುಗಿಸುತ್ತ ಒಳಗೆ ತಳ್ಳಿ, ಅರ್ಧ ನಿಮಿಷ ಬಿಡದೆ ಹಿಡಿದುಕೊಳ್ಳಬೇಕು. ಕೈಬಿಟ್ಟರೆ ಕೊಳವೆ ಹಿಂದಕ್ಕೆ ಸರಿಯುತ್ತದೆ. ಆಮೇಲೆ ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ನೀರು ಬಿಡಕೂಡದು. ಒಂದು ಹಗಲು ಒಂದು ರಾತ್ರಿ ಬಿಟ್ಟರೆ ಇನ್ನೂ ಕ್ಷೇಮ; ಹೊಸೂರಿನ ಮಾಗಿಯ ಚಳಿಯಲ್ಲಿ ಅದು ಆರುವುದು ನಿಧಾನ. ಇದರ ಆವಿಯು ತಲೆಸುತ್ತು ತರುವಂತಹುದು, ಬೆಂಕಿಗೆ ಸುಲಭವಾಗಿ ಹತ್ತುವಂತಹುದು. ಕಿಟಕಿ ಬಾಗಿಲು ತೆರೆದಿರಬೇಕು. ಬೀಡಿ ಸಿಗರೇಟು ದೂರವಿರಬೇಕು. ಮಕ್ಕಳ ಕೈಗೆ ಡಬ್ಬಿ ಸಿಗಬಾರದು. ಗಟ್ಟಿಯಾಗಿ ಲೋಳೆಯಂತಾದ ಹಳೆಯ ದ್ರಾವಕವನ್ನು ಎಸೆಯುವುದೇ ಉಳಿತಾಯ.

ಸಿಲಿಕೋನಿನ ಇತಿಮಿತಿ

ಕೈ ತೊಳೆಯುವ ಬೇಸಿನ್ನು ಗೋಡೆಗೆ ತಾಗುವೆಡೆ, ಸಿಂಕು ಕಡಪಾ ಕಲ್ಲಿಗೆ ಕೂರುವೆಡೆ, ಕಮೋಡಿನ ಬುಡ, ಬಚ್ಚಲಿನ ಮೂಲೆ ಇಲ್ಲೆಲ್ಲ ಒತ್ತಡದ ನೀರಿಲ್ಲ. ಚಿಮ್ಮಿದ ನೀರು ಸಂದಿನೊಳಗೆ ಇಳಿಯದಿದ್ದರೆ ಸಾಕು. ಇಂತಹ ಕಡೆ ನಮ್ಮವರು ಬಿಳಿ ಸಿಮೆಂಟನ್ನು ತುಂಬುವುದು ವಾಡಿಕೆ. ಸಿಮೆಂಟು ಗಡುಸು, ಬೇಸಿನ್ನಿನ ಮೇಲೆ ಕೈಯೂರಿದಾಗ ಅದು ಬಾಗಲಾರದೆ ಬಿರಿಯುತ್ತದೆ. ಬಿರುಕಿನೊಳಗೆ ನೀರಿಳಿದು ಗೋಡೆ ತೇವಗಟ್ಟುತ್ತದೆ. ರಬ್ಬರಿನಂತೆ ಬಾಗಿ ಮರಳುವ ಸಿಲಿಕೋನ್ ಇಲ್ಲಿಗೆ ತಕ್ಕದ್ದು.

ಇದರಲ್ಲಿಯೂ ಎರಡು ಬಗೆಯುಂಟು. ಹಚ್ಚುವಾಗ ವಿನಿಗರಿನಂತೆ ಹುಳಿ ವಾಸನೆ ಬರುವುದು ಒಂದು. ಅದು ಗಾಜಿಗೂ ಪಿಂಗಾಣಿಗೂ ಚೆನ್ನಾಗಿ ಹಿಡಿಯುತ್ತದೆ. ಆದರೆ ಅದರ ಹುಳಿಯು ಸಿಮೆಂಟು, ಅಮೃತಶಿಲೆ, ತಾಮ್ರ, ಹಿತ್ತಾಳೆಗಳಿಗೆ ಹಿತವಲ್ಲ. ಹುಳಿ ವಾಸನೆಯಿಲ್ಲದ ‘ನ್ಯೂಟ್ರಲ್’ ಎಂಬ ಬಗೆಯು ಇವಕ್ಕೆ ಸರಿ. ಬಚ್ಚಲಿಗೆಂದು ಕೊಳ್ಳುವಾಗ, ಬೂಷ್ಟು ತಡೆಯುವುದೆಂದು ಬರೆದಿರುವುದನ್ನು ಆರಿಸಬೇಕು.

ಸಿಲಿಕೋನ್ ಗಾಳಿಯ ತೇವವನ್ನು ಹೀರಿ ಹೊರಗಿನಿಂದ ಒಳಕ್ಕೆ ಗಟ್ಟಿಯಾಗುತ್ತದೆ. ದಿನಕ್ಕೆ ಎರಡು ಮೂರು ಮಿಲಿಮೀಟರ್ ಮಾತ್ರ. ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿಯಿರುತ್ತದೆ. ಒದ್ದೆ ಮೈಗೆ ಅದು ಹಿಡಿಯದು. ಹಳೆಯ ಸಿಲಿಕೋನಿನ ಮೇಲೆ ಹೊಸದೂ ನಿಲ್ಲದು. ಹಳೆಯದನ್ನು ಪೂರ್ತಿ ಹೆರೆದು, ಒಣಗಿಸಿ, ಆಮೇಲೆ ಹಚ್ಚಬೇಕು. ಒತ್ತಡದ ನೀರಿನ ತಿರುಪಿಗೆ ಹೊರಗಿನಿಂದ ಸಿಲಿಕೋನ್ ಮೆತ್ತುವುದು, ಮುರಿದ ಮೂಳೆಗೆ ಮೇಲಿನಿಂದ ಗಂಧ ಹಚ್ಚಿದಂತೆ.

ಕಲಸಿ ಮೆತ್ತುವ ಹಿಟ್ಟು

‘ಎಂ-ಸೀಲ್’ ಎಂದು ಜನ ಕರೆಯುವ ಎರಡು ಮುದ್ದೆಗಳ ಎಪಾಕ್ಸಿ ಹಿಟ್ಟು ಮನೆಮಾತಾಗಿದೆ. ಎರಡನ್ನೂ ಸಮಪಾಲಿನಲ್ಲಿ ತೆಗೆದು, ಬಣ್ಣ ಒಂದೇ ಆಗುವವರೆಗೆ ಚಪಾತಿ ಹಿಟ್ಟಿನಂತೆ ನಾದಬೇಕು. ಗೆರೆಗಳು ಉಳಿದರೆ ಅಲ್ಲಿ ಗಟ್ಟಿಯಾಗದು. ಕಬ್ಬಿಣದ ಕೊಳವೆಯ ಮೈಯಲ್ಲಿ ತುಕ್ಕಿನಿಂದ ಬಿದ್ದ ಸಣ್ಣ ತೂತಿಗೆ, ನೀರು ನಿಲ್ಲಿಸಿ, ತುಕ್ಕು ಉಜ್ಜಿ, ಒಣಗಿಸಿ ಮೆತ್ತಿದರೆ ಇದು ಆಪತ್ಕಾಲದ ನೆಂಟ. ಆದರೆ ತುಕ್ಕು ಒಳಗಿನಿಂದ ತಿನ್ನುತ್ತಿರುವುದರಿಂದ ಇದು ಶಾಶ್ವತ ಪರಿಹಾರವಲ್ಲ. ನಲ್ಲಿಯ ಬುಡಕ್ಕೆ ಇದನ್ನು ಮೆತ್ತಿದರೆ ಮುಂದೆ ಬಿಚ್ಚುವಂತಿಲ್ಲ. ಮಾಳಿಗೆಯ ಮೇಲಿನ ಕಪ್ಪು ಪ್ಲಾಸ್ಟಿಕ್ ಟ್ಯಾಂಕು ಬಿರಿದರೆ, ಅದಕ್ಕೂ ಇದು ನಿಲ್ಲುವುದಿಲ್ಲ. ಆ ಟ್ಯಾಂಕಿನ ಪಾಲಿಎಥಿಲೀನಿಗೆ ಸಾಮಾನ್ಯ ಅಂಟುಗಳಾವುವೂ ಹಿಡಿಯವು. ಬಿಸಿಯಿಂದ ಕರಗಿಸಿ ಬೆಸೆಯುವವರನ್ನು ಕರೆಯಬೇಕು.

ಕುಡಿಯುವ ನೀರಿನ ವಿಚಾರದಲ್ಲಿ ಎರಡು ಎಚ್ಚರಿಕೆಗಳು

ಇನ್ನು ಸೀಸದ ಮಾತು. ಸೀಸವು ಮಕ್ಕಳ ಮೆದುಳಿನ ಬೆಳವಣಿಗೆಗೆ ಶತ್ರು. ಇಷ್ಟಾದರೆ ಕ್ಷೇಮ ಎನ್ನುವಂತಹ ಪ್ರಮಾಣವೇ ಗೊತ್ತಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ ೦.೦೧ ಮಿಲಿಗ್ರಾಂ ಮೀರಬಾರದೆಂಬುದು ನಮ್ಮ ದೇಶದ ಮಾನಕ. ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷ ಪಾಲಿಗೆ ೯೦ ಪಾಲನ್ನು ಮೀರಬಾರದೆಂಬ ನಿಯಮವನ್ನು ಕೇಂದ್ರ ಸರಕಾರವು ೨೦೧೬ರಲ್ಲಿ ಹೊರಡಿಸಿತು, ಪಿ.ವಿ.ಸಿ. ಕೊಳವೆಗಳಲ್ಲಿ ಸೀಸದ ಬಳಕೆಯನ್ನು ನಿಯಂತ್ರಿಸುವ ನಿಯಮಗಳು ೨೦೨೧ರಲ್ಲಿ ಬಂದವು. ಹೀಗಿರುವಾಗ, ಅಟ್ಟದ ಮೇಲೆ ಉಳಿದ ಹಳೆಯ ಕೆಂಪು ಬಣ್ಣದ ಡಬ್ಬಿಯನ್ನು ಇಳಿಸಿ, ಅಡಿಗೆಮನೆಯ ನಲ್ಲಿಯ ತಿರುಪಿಗೆ ಹಚ್ಚುವುದು ಸರ್ವಥಾ ಸಲ್ಲದು. ರಾತ್ರಿಯಿಡೀ ಕೊಳವೆಯಲ್ಲಿ ನಿಂತ ನೀರು ಮುಂಜಾನೆ ಮಗುವಿನ ಲೋಟಕ್ಕೆ ಬರುತ್ತದೆ ಎಂಬುದನ್ನು ಮರೆಯಬಾರದು.

ಎರಡನೆಯ ಎಚ್ಚರಿಕೆಯು ಇನ್ನೂ ಕಡಿಮೆ ಜನಕ್ಕೆ ತಿಳಿದಿರುವಂತಹುದು. ನಮ್ಮ ಊರುಗಳಲ್ಲಿ ನೀರು ಹೊತ್ತು ಹೊತ್ತಿಗೆ ಬರುತ್ತದೆ. ಬಿಟ್ಟಾಗ ಕೊಳವೆಯಲ್ಲಿ ಒತ್ತಡವಿರುತ್ತದೆ. ಆಗ ಸೋರಿಕೆಯಿಂದ ನೀರು ಹೊರಕ್ಕೆ ಹೋಗುತ್ತದೆ. ನಿಲ್ಲಿಸಿದಾಗ ನೀರು ತಗ್ಗಿನ ಕಡೆಗೆ ಸರಿದು ಕೊಳವೆ ಬರಿದಾಗುತ್ತದೆ. ಆಗ ಅದೇ ಸೋರುವ ಸಂದಿನಿಂದ ಹೊರಗಿನ ತೇವವು ಒಳಕ್ಕೆ ಎಳೆಯಲ್ಪಡುತ್ತದೆ. ಆ ಸಂದು ಚರಂಡಿಯ ಪಕ್ಕದಲ್ಲಿದ್ದರೆ ಒಳಗೆ ಬರುವುದೇನೆಂಬುದನ್ನು ಬಿಡಿಸಿ ಹೇಳಬೇಕೆ? ವಾಂತಿಭೇದಿ, ಕಾಮಾಲೆ, ವಿಷಮಶೀತಜ್ವರಗಳ ಹಾದಿಗಳಲ್ಲಿ ಇದೂ ಒಂದು. ಆದುದರಿಂದ ಮನೆಯ ಹೊರಗೆ, ಮೀಟರಿನ ಬಳಿ, ಮೋರಿಯ ಮಗ್ಗುಲಲ್ಲಿ ಜಿನುಗುವ ಜೋಡಣೆಯನ್ನು ಅಡಿಗೆಮನೆಯ ನಲ್ಲಿಗಿಂತಲೂ ಮೊದಲು ಸರಿಪಡಿಸಿಕೊಳ್ಳಬೇಕು. ಅದು ಪಂಚಾಯಿತಿಯ ಅಥವಾ ನಗರಾಡಳಿತದ ಕೊಳವೆಯಾದರೆ, ತಾವೇ ಕೈಹಾಕದೆ, ಬರೆದು ತಿಳಿಸಬೇಕು.

ಡಬ್ಬಿಯ ಬರಹವನ್ನು ಓದುವುದು

ಈ ಗಡಿನಾಡಿನಲ್ಲಿ ನಲ್ಲಿಗೆ ಮೂರು ಹೆಸರು. ಕನ್ನಡದವರು ನಲ್ಲಿ ಎನ್ನುತ್ತಾರೆ, ತಮಿಳರು ಕುಳಾಯ್, ತೆಲುಗರು ಕೊಳಾಯಿ. ಮೂರೂ ನುಡಿಗಳು ಒಂದೇ ಅಂಗಡಿಯ ಕಟ್ಟೆಯ ಮೇಲೆ ಕೇಳಿಬರುತ್ತವೆ. ಆದರೆ ಡಬ್ಬಿಯ ಮೇಲಿನ ಬರಹವು ಹೆಚ್ಚಾಗಿ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇರುತ್ತದೆ. ಯಾವ ಕೊಳವೆಗೆ, ಎಷ್ಟು ಬಿಸಿಗೆ, ಎಷ್ಟು ಹೊತ್ತು ಆರಬೇಕು, ಕುಡಿಯುವ ನೀರಿಗೆ ಯೋಗ್ಯವೋ, ಯಾವ ತಿಂಗಳವರೆಗೆ ಬಾಳುತ್ತದೆ ಎಂಬ ಐದು ಸಂಗತಿಗಳು ಅದರಲ್ಲಿ ಅಡಗಿರುತ್ತವೆ. ಮನೆಯಲ್ಲಿ ಓದುವ ಮಗುವಿದ್ದರೆ ಅದನ್ನು ಜೊತೆಗೆ ಕರೆದೊಯ್ದು ಓದಿಸಿರಿ. ಪುಸ್ತಕದ ಇಂಗ್ಲಿಷು ಬಾಳಿಗೆ ಒದಗುವುದು ಹೀಗೆಯೇ ಎಂಬುದು ನಮ್ಮ ಅನುಭವ. ಸಾಧ್ಯವಾದರೆ, ಬಿಚ್ಚಿದ ಹಳೆಯ ಭಾಗವನ್ನೇ ಅಂಗಡಿಗೆ ಒಯ್ಯುವುದು ಇನ್ನೂ ಒಳ್ಳೆಯದು, ಅಳತೆ ತಪ್ಪುವುದಿಲ್ಲ. ಪ್ಲಂಬರ್ ಬಂದಾಗ, ‘ಇಲ್ಲಿ ಏನು ಹಾಕುತ್ತೀರಿ, ಏಕೆ ಹಾಕುತ್ತೀರಿ?’ ಎಂದು ವಿನಯದಿಂದಲೇ ಕೇಳಬಹುದು. ಕೆಲಸ ಬಲ್ಲವನು ಸಂತೋಷದಿಂದ ಹೇಳುತ್ತಾನೆ.

ಕೆಲಸ ಮುಗಿದ ಮೇಲೆ ಪರೀಕ್ಷೆಯೂ ಸುಲಭವೇ. ಜೋಡಣೆಯನ್ನು ಬಟ್ಟೆಯಿಂದ ಚೆನ್ನಾಗಿ ಒರಸಿ, ಹಳೆಯ ವೃತ್ತಪತ್ರಿಕೆಯ ಪಟ್ಟಿಯೊಂದನ್ನು ಅದರ ಸುತ್ತ ಕಟ್ಟಿ, ನೀರು ಬಿಟ್ಟು ಒಂದು ಗಂಟೆ ಕಾಯಬೇಕು. ಕಣ್ಣಿಗೆ ಕಾಣದ ಜಿನುಗನ್ನು ಕಾಗದವು ತೋರಿಸಿಕ್ಕುತ್ತದೆ.

ಬರುವ ಭಾನುವಾರ ಓದುಗರು ಒಂದು ಕೆಲಸ ಮಾಡಲಿ. ಮಕ್ಕಳ ಕೈಗೆ ನೋಟುಪುಸ್ತಕ ಕೊಟ್ಟು, ಮೀಟರಿನಿಂದ ಮಾಳಿಗೆಯ ಟ್ಯಾಂಕಿನವರೆಗೆ ಮನೆಯ ಜೋಡಣೆಗಳನ್ನೆಲ್ಲ ಸುತ್ತಿ ನೋಡಲಿ. ಎಲ್ಲಿ ಹನಿಯಿದೆ, ಎಲ್ಲಿ ಬಿಳಿಯ ಉಪ್ಪಿದೆ, ಅದು ಬಿಚ್ಚುವ ಜೋಡಣೆಯೋ ಬಿಚ್ಚದ ಜೋಡಣೆಯೋ, ಲೋಹವೋ ಪ್ಲಾಸ್ಟಿಕ್ಕೋ ಎಂದು ಬರೆಯಿಸಲಿ. ಹನಿಯುವ ನಲ್ಲಿಯ ಕೆಳಗೆ ಅಳತೆಯ ಲೋಟವಿಟ್ಟು ಒಂದು ಗಂಟೆಯ ನೀರನ್ನು ಅಳೆದು, ೨೪ರಿಂದ ಗುಣಿಸಲಿ. ಆ ಪಟ್ಟಿಯನ್ನು ಹಿಡಿದು ಅಂಗಡಿಗೆ ಹೋದವರು ‘ಏನಾದರೂ ಕೊಡಿ’ ಎಂದು ಕೇಳುವುದಿಲ್ಲ. ಬೇಕಾದುದನ್ನು ಹೆಸರು ಹಿಡಿದು ಕೇಳುತ್ತಾರೆ. ಒಂದು ಸುರುಳಿ ಟೇಪಿಗೂ ಒಂದು ವಾಷರಿಗೂ ಆಗುವ ಅಲ್ಪ ವೆಚ್ಚದಲ್ಲಿ ದಿನಕ್ಕೊಂದು ಬಿಂದಿಗೆ ನೀರು ಮನೆಯಲ್ಲೇ ಉಳಿಯುವುದಾದರೆ, ಬೇಸಿಗೆಯ ದಿನಗಳಲ್ಲಿ ಅದರ ಬೆಲೆಯನ್ನು ಗೃಹಿಣಿಯರೇ ಹೇಳಿಯಾರು.